ಕುಂಬಳೆ ರೈಲು ನಿಲ್ದಾಣ

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರೈಲುಮಾರ್ಗದಲ್ಲಿ ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ಎಂಬ ಸಣ್ಣ ನಿಲ್ದಾಣಗಳಿವೆ. ಇವುಗಳಲ್ಲಿ ಕುಂಬಳೆ ಬಹಳ ಹಳೆಯ ಊರು. ಇದು ಕುಂಬಳೆ ಸೀಮೆಯ ಅರಸರು ಆಳಿದ ನೆಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಇಲ್ಲಿಯ ರೈಲು ನಿಲ್ದಾಣ ಚಿಕ್ಕದು. ವೇಗದ ರೈಲುಗಳಲ್ಲಿ ಹಲವು ಇಲ್ಲಿ ನಿಲ್ಲದೆ ಸಾಗುತ್ತವೆ. ಆದರೂ ಈ ನಾಡಿನ ಜನಜೀವನದಲ್ಲಿ ಇಂತಹ ನಿಲ್ದಾಣಕ್ಕೆ ದೊಡ್ಡ ಸ್ಥಾನವಿದೆ. ಅದು ಹೇಗೆಂದು ನೋಡೋಣ.

ಹಳಿ ಬರುವ ಮೊದಲು

ನಮ್ಮ ಕರಾವಳಿ ಹೊಳೆಗಳ ನಾಡು. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವವರು ಮೊಗ್ರಾಲ್, ಕುಂಬಳೆ, ಶಿರಿಯ, ಉಪ್ಪಳ, ಮಂಜೇಶ್ವರ ಹೊಳೆಗಳನ್ನು ದಾಟಿ ಕೊನೆಗೆ ನೇತ್ರಾವತಿಯನ್ನೂ ದಾಟಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿಯೊಂದು ಕಡವಿನಲ್ಲೂ ದೋಣಿಗಾಗಿ ಕಾಯಬೇಕಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಪ್ರಯಾಣವೇ ನಿಲ್ಲುತ್ತಿತ್ತು.

ಹಳಿ ಬಂದ ಬಗೆ

ಇಂದಿನ ಕೇರಳದ ಮೊದಲ ರೈಲು 1861ನೆಯ ಮಾರ್ಚ್ 12ರಂದು ಬೇಪೂರು ಮತ್ತು ತಿರೂರುಗಳ ನಡುವೆ ಓಡಿತು. ಮದರಾಸು ರೈಲ್ವೆ ಕಂಪೆನಿ ಆ ಮಾರ್ಗವನ್ನು ಹಂತಹಂತವಾಗಿ ಉತ್ತರಕ್ಕೆ ಬೆಳೆಸಿತು. ಹಳಿಯು 1888ರಲ್ಲಿ ಕೋಝಿಕ್ಕೋಡಿಗೆ, 1903ರಲ್ಲಿ ಕಣ್ಣೂರಿಗೆ, 1906ರಲ್ಲಿ ಕಾಸರಗೋಡಿಗೆ ಮುಟ್ಟಿತು. 1907ರಲ್ಲಿ ಮಂಗಳೂರು ಸೇರಿತು. ಈ ಕೊನೆಯ ಭಾಗದಲ್ಲೇ ಕುಂಬಳೆಯಿದೆ. ಬೇಪೂರಿನಿಂದ ಹೊರಟ ಹಳಿ ಮಂಗಳೂರು ಮುಟ್ಟಲು 46 ವರ್ಷಗಳು ಹಿಡಿದವು. ಹೊಳೆಗಳಿಗೆಲ್ಲ ಸೇತುವೆ ಕಟ್ಟಬೇಕಾಯಿತು. ಕಳನಾಡಿನಲ್ಲಿ ಗುಡ್ಡ ಕೊರೆದು ಸುರಂಗ ಮಾಡಬೇಕಾಯಿತು.

1908ರಲ್ಲಿ ಈ ಮಾರ್ಗ ದಕ್ಷಿಣ ಭಾರತ ರೈಲ್ವೆ ಕಂಪೆನಿಯ ಕೈಗೆ ಬಂತು. 1951ರಲ್ಲಿ ದಕ್ಷಿಣ ರೈಲ್ವೆ ರೂಪುಗೊಂಡಾಗ ಅದರಲ್ಲಿ ಸೇರಿತು. ಮುಂದೆ ಒಂಟಿ ಹಳಿಯ ಜಾಗದಲ್ಲಿ ಜೋಡಿ ಹಳಿ ಬಂತು. ವಿದ್ಯುತ್ ಎಂಜಿನುಗಳು ಓಡತೊಡಗಿದವು.

ಗಡಿ ಬಂತು, ರೈಲು ಓಡಿತು

ಹಳಿ ಹಾಕಿದಾಗ ಕಾಸರಗೋಡು, ಮಂಗಳೂರು ಎರಡೂ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ನೆಯ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಮಂಜೇಶ್ವರಕ್ಕೂ ಉಳ್ಳಾಲಕ್ಕೂ ನಡುವೆ ರಾಜ್ಯದ ಗಡಿ ಬಂತು. ಆದರೆ ನೆಂಟಸ್ತಿಕೆ, ವ್ಯಾಪಾರ, ವಿದ್ಯೆ, ವೈದ್ಯ ಇವುಗಳಿಗೆ ಜನರು ಮೊದಲಿನಂತೆಯೇ ಮಂಗಳೂರಿಗೆ ಹೋಗಿ ಬಂದರು. ಅವರನ್ನು ಹೊತ್ತದ್ದು ಪ್ಯಾಸೆಂಜರ್ ರೈಲು.

ಪ್ಯಾಸೆಂಜರ್ ರೈಲಿಗೆ ಮುಂಗಡ ಕಾಯ್ದಿರಿಸಬೇಕಾಗಿಲ್ಲ. ಕಿಟಕಿಯಲ್ಲಿ ಟಿಕೇಟು ಕೊಂಡು ಹತ್ತಬಹುದು. ಅದು ಸಣ್ಣ ನಿಲ್ದಾಣಗಳಲ್ಲೂ ನಿಲ್ಲುತ್ತದೆ. ವೇಗದ ರೈಲು ಹಿಂದಿನಿಂದ ಬಂದರೆ ಬದಿಗೆ ಸರಿದು ದಾರಿ ಕೊಡುತ್ತದೆ. ಕಾಲೇಜಿಗೆ ಹೋಗುವವರು, ಅಂಗಡಿಗಳಲ್ಲಿ ದುಡಿಯುವವರು, ಆಸ್ಪತ್ರೆಗೆ ಹೋಗುವ ರೋಗಿಗಳು ಇದನ್ನೇ ನಂಬಿದ್ದಾರೆ.

ನಿಂತಾಗ ತಿಳಿದ ಬೆಲೆ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದಿಂದಾಗಿ ದೇಶದಲ್ಲೆಲ್ಲ ಪ್ರಯಾಣಿಕರ ರೈಲುಗಳು ನಿಂತವು. ಅದೇ ಸಮಯದಲ್ಲಿ ಗಡಿಯ ರಸ್ತೆಗಳನ್ನೂ ಮುಚ್ಚಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ಕಾಸರಗೋಡಿನ ರೋಗಿಗಳು ಬಹಳ ಕಷ್ಟಪಟ್ಟರು. ವಿಷಯ ನ್ಯಾಯಾಲಯದವರೆಗೂ ಹೋಯಿತು.

ಪ್ಯಾಸೆಂಜರ್ ರೈಲುಗಳು ಮತ್ತೆ ಓಡಿದಾಗ ಅವುಗಳಲ್ಲಿ ಎಕ್ಸ್‌ಪ್ರೆಸ್ ದರ ಕೊಡಬೇಕಾಯಿತು. 10 ರೂಪಾಯಿಯಿದ್ದ ಕನಿಷ್ಠ ದರ 30 ರೂಪಾಯಿ ಆಯಿತು. ಪಕ್ಕದ ಊರಿಗೆ ಟಿಕೇಟು ಕೊಂಡು ಹೋಗಿ ಬರುವವರಿಗೆ ದಿನಕ್ಕೆ 40 ರೂಪಾಯಿ ಹೆಚ್ಚು ಖರ್ಚು! 2024ರ ಫೆಬ್ರವರಿಯಲ್ಲಿ ಹಳೆಯ ದರ ಮರಳಿತು.

ರೈಲು ಓಡಿದರಷ್ಟೇ ಸಾಲದು. ನಮ್ಮೂರಲ್ಲಿ ನಿಲ್ಲಬೇಕು, ಬಡವರ ಕೈಗೆಟಕುವಂತೆಯೂ ಇರಬೇಕು. ಕುಂಬಳೆಯಂತಹ ನಿಲ್ದಾಣಗಳ ಚರಿತ್ರೆ ನಮಗೆ ಕಲಿಸುವುದು ಇದನ್ನೇ.

ಪದಕೋಶ

ಕಡವು – ದೋಣಿಯಲ್ಲಿ ಹೊಳೆ ದಾಟುವ ಸ್ಥಳ
ಸೀಮೆ – ಪ್ರದೇಶ, ನಾಡು
ನೆಂಟಸ್ತಿಕೆ – ಬಂಧುತ್ವ
ಕನಿಷ್ಠ – ಅತಿ ಕಡಿಮೆ

ಅಭ್ಯಾಸ

1. ಹಳಿ ಬರುವ ಮೊದಲು ಮಂಗಳೂರಿಗೆ ಹೋಗುವುದು ಏಕೆ ಕಷ್ಟವಾಗಿತ್ತು?
2. ಪ್ಯಾಸೆಂಜರ್ ರೈಲಿಗೂ ವೇಗದ ರೈಲಿಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ.
3. ‘ಗಡಿ ಬಂತು, ರೈಲು ಓಡಿತು’ – ಈ ಮಾತನ್ನು ವಿವರಿಸಿರಿ.
4. ನಿಮ್ಮ ಊರಿನ ಹಿರಿಯರನ್ನು ಭೇಟಿಯಾಗಿ, ಅವರ ಬಾಲ್ಯದ ರೈಲು ಪ್ರಯಾಣದ ಬಗ್ಗೆ ಕೇಳಿ ತಿಳಿದು ಒಂದು ಪುಟ ಬರೆಯಿರಿ.