ಸ್ವಂತ ಜಮೀನಿನ ಚೌಬೀನೆ ಮರಗಳನ್ನು ನ್ಯಾಯವಾದ ಬೆಲೆಗೆ ಮಾರುವ ಕ್ರಮ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಭೂಮಾಲೀಕರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ

ಈ ನಾಲ್ಕು ತಾಲ್ಲೂಕುಗಳಲ್ಲಿ ಬದುವಿನ ಮೇಲೆ ನಾಲ್ಕಾರು ಮರಗಳಿಲ್ಲದ ಹಿಡುವಳಿ ಅಪರೂಪ. ಹೆಗ್ಗಡದೇವನಕೋಟೆಯ ಕಾಡಂಚಿನ ಹೊಲಗಳಲ್ಲಿ ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ, ದಿಂಡಿಗಗಳೂ, ಹುಣಸೂರು ಪಿರಿಯಾಪಟ್ಟಣಗಳ ಕಡೆ ಹಲಸು, ಬೇವು, ತೇಗಗಳೂ, ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಕರಿಜಾಲಿಯೂ ಕಂಡುಬರುತ್ತವೆ. ಆದರೆ ರಾಗಿ, ಭತ್ತ, ಹೊಗೆಸೊಪ್ಪುಗಳನ್ನು ಫಸಲೆಂದು ಎಣಿಸುವ ರೈತನು ಮರವನ್ನು ಫಸಲೆಂದು ಎಣಿಸುವುದಿಲ್ಲ. ಕಟ್ಟೆಮಳಲವಾಡಿಯ ಅಥವಾ ಕಂಪಲಾಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪಿನ ಬೇಲನ್ನು ಒಯ್ದಾಗ ಕಿಲೋಗ್ರಾಮಿಗೆ ಒಂದು ರೂಪಾಯಿ ಕಡಿಮೆಯಾದರೂ ಮಾರಲೊಲ್ಲೆನೆಂದು ಹಟಹಿಡಿಯುವ ಗೃಹಸ್ಥನೇ, ತಂದೆಯ ಕಾಲದಿಂದ ಬೆಳೆದ ಮರವನ್ನು ಅದರ ನೆರಳಿನಲ್ಲಿ ನಿಂತವನು ಹೇಳಿದ ಒಂದು ಮಾತಿಗೆ ಕೊಟ್ಟುಬಿಡುತ್ತಾನೆ. ಇದಕ್ಕೆ ಕಾರಣವು ಔದಾರ್ಯವಲ್ಲ. ಬೇಲಿನ ತೂಕ ಅವನಿಗೆ ಗೊತ್ತು. ಮರದಲ್ಲಿ ಎಷ್ಟು ಘನ ಅಡಿಯಿದೆಯೆಂಬುದು ಗೊತ್ತಿಲ್ಲ. ಕೊಳ್ಳುವವನಿಗೆ ಮಾತ್ರ ಅದು ಚೆನ್ನಾಗಿ ಗೊತ್ತು.

ಇನ್ನೊಂದು ನಷ್ಟವು ಈ ಸೀಮೆಗೇ ವಿಶೇಷವಾದುದು. ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳಿಗೆ ವರ್ಷವರ್ಷವೂ ಅಪಾರವಾದ ಸೌದೆ ಬೇಕಾಗುತ್ತದೆ. ಸೌದೆಗೆ ತಡಕಾಡುವ ದಿನಗಳಲ್ಲಿ ನೆಟ್ಟಗೆ ಬೆಳೆದ ಹಲಸಿನ ಬೊಡ್ಡೆಯೂ ಮತ್ತಿಯ ಬೊಡ್ಡೆಯೂ ತುಂಡುತುಂಡಾಗಿ ಒಲೆಯ ಬಾಯಿಗೆ ಹೋಗುವುದುಂಟು. ಸೌದೆ ತೂಕದ ಸರಕು. ಚೌಬೀನೆ ಘನ ಅಡಿಯ ಸರಕು. ಇವೆರಡರ ಬೆಲೆಗೆ ಹೋಲಿಕೆಯೇ ಇಲ್ಲ. ರೆಂಬೆ, ಡೊಂಕು, ಟೊಳ್ಳುಗಳು ಬ್ಯಾರನ್ನಿಗೆ ಹೋಗಲಿ. ಎರಡೂವರೆ ಮೂರು ಅಡಿ ಸುತ್ತಳತೆಯ ನೇರವಾದ ಬೊಡ್ಡೆಯನ್ನು ಕೊಡಲಿಗೆ ಕೊಡುವ ಮೊದಲು ಒಮ್ಮೆ ಅಳೆದು ನೋಡತಕ್ಕದ್ದು.

ಮರ ಯಾರದು, ಅನುಮತಿ ಏನು

ಬೆಲೆಯ ಮಾತಿಗೆ ಮುಂಚೆ ಹಕ್ಕಿನ ಮಾತು ಇತ್ಯರ್ಥವಾಗಬೇಕು. ಮರವು ಗಡಿಯ ಮೇಲಿದ್ದರೆ, ಅದರಲ್ಲಿಯೂ ಪಕ್ಕದ ಜಮೀನು ಅರಣ್ಯದ್ದಾಗಿದ್ದರೆ, ಹದ್ದುಬಸ್ತು ಮಾಡಿಸಿಕೊಳ್ಳದೆ ಕೈಯಿಡಬಾರದು. ಜಮೀನು ದರಖಾಸ್ತಿನಿಂದ ಬಂದುದಾದರೆ ಮಂಜೂರಾತಿಯ ಕಾಗದದಲ್ಲಿ ಮರಗಳ ವಿಷಯ ಏನು ಬರೆದಿದೆಯೆಂಬುದನ್ನು ಓದಿಸಿ ನೋಡಬೇಕು. ಭೂಮಿ ರೈತನದಾಗಿದ್ದು ಅದರೊಳಗಿನ ಬೆಲೆಬಾಳುವ ಮರಗಳು ಸರ್ಕಾರಕ್ಕೆ ಮೀಸಲಾಗಿರುವ ಸಂದರ್ಭಗಳು ಉಂಟು. ಅಣ್ಣತಮ್ಮಂದಿರ ಜಂಟಿ ಖಾತೆಯಾಗಿದ್ದರೆ ಎಲ್ಲರ ಒಪ್ಪಿಗೆಯೂ ಬರಹದಲ್ಲಿರಲಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು, ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ಮುಂಚಿತವಾಗಿ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದವು ವಿನಾಯಿತಿಯ ಪಟ್ಟಿಯಲ್ಲಿವೆ. ತೇಗ, ಬೀಟೆ, ಹೊನ್ನೆಗಳಿಗೆ ಆ ವಿನಾಯಿತಿಯಿಲ್ಲ. ಪಹಣಿ, ನಕ್ಷೆ ಮತ್ತು ಮರಗಳ ಸಂಖ್ಯೆಯೊಡನೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಕಡಿದ ದಿಮ್ಮಿಗಳನ್ನು ರಸ್ತೆಗೆ ತರುವುದಕ್ಕೆ ಸಾಗಾಣಿಕೆಯ ರಹದಾರಿಯು ಪ್ರತ್ಯೇಕವಾಗಿ ಬೇಕು. ಅನೇಕ ರೈತರು ಈ ಓಡಾಟಕ್ಕೆ ಬೇಸತ್ತು "ಕಾಗದವೆಲ್ಲ ನಾನೇ ಮಾಡಿಸಿಕೊಳ್ಳುತ್ತೇನೆ" ಎಂಬ ವ್ಯಾಪಾರಿಗೆ ಖಾಲಿ ಅರ್ಜಿಗಳಿಗೆ ಸಹಿ ಹಾಕಿಕೊಡುತ್ತಾರೆ. ಬೆಲೆ ಕುಸಿಯುವುದು ಅಲ್ಲಿಂದಲೇ. ಅನುಮತಿಯ ಕಾಗದ ಯಾರ ಕೈಯಲ್ಲಿದೆಯೋ ಚೌಕಾಶಿಯ ಬಲವೂ ಅವರದೇ. ಅಲ್ಲದೆ, ಒಬ್ಬರ ಜಮೀನಿನ ರಹದಾರಿಯಲ್ಲಿ ಕಾಡಿನ ಮರ ಸಾಗಿಹೋದರೆ ವಿಚಾರಣೆಗೆ ಮೊದಲು ನಿಲ್ಲಬೇಕಾದವನು ಪಹಣಿಯಲ್ಲಿ ಹೆಸರಿರುವ ರೈತನು.

ಶ್ರೀಗಂಧದ ವಿಷಯವೇ ಬೇರೆ. 2001ರ ತಿದ್ದುಪಡಿಯಿಂದ ಜಮೀನಿನ ಗಂಧವು ಜಮೀನುದಾರನದಾಗಿದ್ದರೂ ದಾರಿಯಲ್ಲಿ ಬಂದ ವ್ಯಾಪಾರಿಗೆ ಅದನ್ನು ಮಾರುವಂತಿಲ್ಲ.

ಅಳತೆ

ಚೌಬೀನೆಯ ವ್ಯಾಪಾರದಲ್ಲಿ ರೂಢಿಯಾಗಿರುವುದು ಹಾಪಸ್ ಎಂಬ ಕಾಲುಸುತ್ತಿನ ಲೆಕ್ಕ. ದಿಮ್ಮಿಯ ನಟ್ಟನಡುವೆ ಸುತ್ತಳತೆಯನ್ನು ಅಂಗುಲದಲ್ಲಿ ತೆಗೆದುಕೊಂಡು, ಅದನ್ನು 4ರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಮತ್ತೆ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಮೂರನೆಯ ತರಗತಿ ಓದಿದ ಹುಡುಗನೂ ಇದನ್ನು ಮಾಡಬಲ್ಲನು. ಸುತ್ತಳತೆ 48 ಅಂಗುಲ, ಉದ್ದ 10 ಅಡಿಯೆಂದಿರಲಿ. 48ರ ಕಾಲುಭಾಗ 12. ಹನ್ನೆರಡು ಹನ್ನೆರಡಲೆ 144. ಹತ್ತರಿಂದ ಗುಣಿಸಿ 144ರಿಂದ ಭಾಗಿಸಿದರೆ ಸರಿಯಾಗಿ 10 ಘನ ಅಡಿ.

ಇದು ಮರದಲ್ಲಿರುವ ಪೂರ್ಣ ಗಾತ್ರವಲ್ಲವೆಂಬುದನ್ನು ಮರೆಯಬಾರದು. ಅದೇ ದಿಮ್ಮಿಯ ನಿಜವಾದ ಗಾತ್ರವು 12¾ ಘನ ಅಡಿಗೆ ತುಸು ಕಡಿಮೆ. ಕೊಯ್ಯುವಾಗ ಹೋಗುವ ಬದಿಗಳ ಸಲುವಾಗಿ ನೂರಕ್ಕೆ ಸುಮಾರು 21 ಭಾಗವನ್ನು ಈ ಲೆಕ್ಕವು ಮೊದಲೇ ಬಿಟ್ಟಿರುತ್ತದೆ. ಆದಕಾರಣ ಕಾಲುಸುತ್ತಿನಿಂದ ಅಳೆದ ಮೇಲೆ "ಕೊಯ್ತದ ನಷ್ಟ" ಎಂದು ಇನ್ನೊಮ್ಮೆ ಕಳೆಯುವುದು ನ್ಯಾಯವಲ್ಲ. ತೊಗಟೆಗೆ ಕಳೆಯುವುದು ನ್ಯಾಯವೇ. ಆದರೆ ಅದನ್ನು ಬಾಯಿಮಾತಿನಿಂದ ಕಳೆಯದೆ, ನಡುವೆ ಒಂದು ಗೇಣಿನಗಲ ತೊಗಟೆ ಸುಲಿದು ಅಲ್ಲಿಯೇ ಅಳೆಯಬೇಕು.

ಅಳತೆಯ ಜಾಗವನ್ನು ಬದಲಿಸಿದರೆ ಏನಾಗುವುದೆಂಬುದನ್ನು ನೋಡಬಹುದು. 12 ಅಡಿ ಉದ್ದದ ದಿಮ್ಮಿಯ ನಡುಸುತ್ತು 60 ಅಂಗುಲ, ತುದಿಯ ಸುತ್ತು 52 ಅಂಗುಲ. ನಡುವಿನಲ್ಲಿ ಅಳೆದರೆ 18¾ ಘನ ಅಡಿ. ತುದಿಯಲ್ಲಿ ಅಳೆದರೆ ಕೇವಲ 14. ಟೇಪನ್ನು ಆರಡಿ ಆಚೆಗೆ ಸರಿಸಿದ ಮಾತ್ರಕ್ಕೆ ಮರದ ಕಾಲುಭಾಗ ಲೆಕ್ಕದಿಂದ ಮಾಯವಾಯಿತು! ಗಂಟು ಅಥವಾ ಉಬ್ಬು ನಟ್ಟನಡುವೆ ಬಂದಿದ್ದರೆ ಅದರ ಎರಡು ಪಕ್ಕಗಳಲ್ಲಿ ಸಮದೂರದಲ್ಲಿ ಅಳೆದು ಸರಾಸರಿ ಹಿಡಿಯತಕ್ಕದ್ದು. ಹಗ್ಗದಿಂದಾಗಲಿ ಮೊಳದಿಂದಾಗಲಿ ಅಳೆಯಗೊಡಬಾರದು. ಊರಿಗೊಂದು ಉಕ್ಕಿನ ಟೇಪು ಇದ್ದರೆ ಒಂದೇ ಮಾರಾಟದಲ್ಲಿ ಅದರ ಬೆಲೆ ಹುಟ್ಟುತ್ತದೆ.

ಡಿಪೋವಿನ ಹರಾಜಿನ ದರವನ್ನು ಘನ ಮೀಟರಿಗೆ ಇಷ್ಟೆಂದು ಕೇಳಿ ಬಂದವರು, ಅದು ಕಾಲುಸುತ್ತಿನ ಅಳತೆಗೋ ಪೂರ್ಣ ಗಾತ್ರಕ್ಕೋ ಎಂಬುದನ್ನೂ ಕೇಳಿ ಬರಬೇಕು. ಎರಡು ಕಡೆಯೂ ಒಂದೇ ಅಳತೆಯಾದರೆ 35.3ರಿಂದ ಭಾಗಿಸಿದರೆ ಅಡಿಯ ದರ ಸಿಕ್ಕುತ್ತದೆ. ಪೂರ್ಣ ಗಾತ್ರದ ದರವನ್ನು ತಂದು ಕಾಲುಸುತ್ತಿನ ಅಡಿಗೆ ಹಚ್ಚಿದರೆ ಮೇಲೆ ಹೇಳಿದ 21 ಭಾಗವು ರೈತನ ಕೈಯಿಂದ ಹೋಗುತ್ತದೆ.

ನಿಂತ ಮರದ ಎತ್ತರವನ್ನು ನೆರಳಿನಿಂದ ಅಂದಾಜು ಮಾಡಬಹುದು. 6 ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ನೆರಳು 4 ಅಡಿ ಬಿದ್ದರೆ, ಅದೇ ಹೊತ್ತಿನಲ್ಲಿ ಮೊದಲ ಕವಲಿನ ನೆರಳು ಬುಡದಿಂದ 16 ಅಡಿ ದೂರ ಬಿದ್ದಿದ್ದರೆ, ಬೊಡ್ಡೆಯ ಉದ್ದ 24 ಅಡಿ. ಮರ ಹತ್ತಬಲ್ಲವನು ಟೇಪು ಹಿಡಿದು ನಡುಭಾಗವನ್ನು ಅಳೆದರೆ ಉಳಿದುದಕ್ಕೂ ಊಹೆ ಬೇಕಾಗುವುದಿಲ್ಲ.

ಯಾವುದನ್ನು ಕಡಿಯಬೇಕು, ಯಾವಾಗ

36 ಅಂಗುಲ ಸುತ್ತಳತೆಯ ತೇಗವು 51 ಅಂಗುಲಕ್ಕೆ ಬೆಳೆದರೆ ಅದೇ ಉದ್ದದಲ್ಲಿ ಗಾತ್ರವು ಎರಡರಷ್ಟಾಗುತ್ತದೆ. ಚೇಗಿನ ಭಾಗವೂ ಹೆಚ್ಚಿ ಅಡಿಯ ದರವೂ ಏರುತ್ತದೆ. ಆದುದರಿಂದ ಹತ್ತು ಮರಗಳನ್ನು ಒಟ್ಟಿಗೆ ಕೊಡುವುದಕ್ಕಿಂತ, ದೊಡ್ಡ ಮೂರನ್ನು ಕೊಟ್ಟು ಏಳನ್ನು ನಿಲ್ಲಿಸಿಕೊಳ್ಳುವುದು ಲೇಸು. ಬೀಟೆಯಲ್ಲಿ ಬೆಲೆಯೆಲ್ಲ ಒಳಗಿನ ಕರಿಯ ಚೇಗಿಗೆ. ಎಳೆಯ ಬೀಟೆಯನ್ನು ಕಡಿಯುವುದೆಂದರೆ ಬಿಳಿಯ ಹೊರಭಾಗವನ್ನು ಮಾರುವುದೇ ಸರಿ. ಟೊಳ್ಳು ಬಿದ್ದ ಮರ ಮಾತ್ರ ಕಾದಷ್ಟೂ ಕೆಡುತ್ತದೆ. ಕೊಡಲಿಯ ತಲೆಯಿಂದ ಬಡಿದಾಗ ಡಬಡಬ ಎಂದರೆ ಅದನ್ನು ಮೊದಲು ವಿಲೇವಾರಿ ಮಾಡಬಹುದು.

ಸುಗ್ಗಿ ಮುಗಿದು ನೆಲ ಒಣಗಿದ ಪುಷ್ಯ ಮಾಘಗಳಲ್ಲಿ ಕಡಿಯುವುದು ಉತ್ತಮ. ಆಗ ಬೆಳೆಗೆ ಹಾನಿಯಿಲ್ಲ, ಲಾರಿ ಹೊಲದವರೆಗೆ ಬರುತ್ತದೆ, ಸಾಗಣೆಯ ಖರ್ಚೆಂದು ಬೆಲೆಯಲ್ಲಿ ಮುರಿಯುವುದಕ್ಕೆ ನೆವವಿರುವುದಿಲ್ಲ. ಬುಡವನ್ನು ನೆಲಕ್ಕೆ ಹತ್ತಿರವಾಗಿ ಗರಗಸದಿಂದ ಕೊಯ್ಯಬೇಕು. 72 ಅಂಗುಲ ಸುತ್ತಿನ ಮರದಲ್ಲಿ ಒಂದೂವರೆ ಅಡಿಯ ಮೋಟನ್ನು ಬಿಟ್ಟರೆ 3⅓ ಘನ ಅಡಿಗಿಂತ ಹೆಚ್ಚು ಉತ್ತಮ ಚೌಬೀನೆ ಮಣ್ಣಿನಲ್ಲುಳಿಯಿತು. ದಿಮ್ಮಿಗಳನ್ನು ಅಡ್ಡ ಕೊಯ್ಯುವ ಮುಂಚೆ ಕೊಳ್ಳುವವರಿಗೆ ಎಷ್ಟುದ್ದ ಬೇಕೆಂದು ಕೇಳಬೇಕು. ಡೊಂಕಿರುವ ಕಡೆ ಕೊಯ್ದರೆ ಎರಡು ನೇರ ದಿಮ್ಮಿಗಳಾಗುತ್ತವೆ. ಕೊಯ್ದ ತುದಿಗಳಿಗೆ ಸಗಣಿ ಮಣ್ಣು ಬಳಿದು, ನೆರಳಿನಲ್ಲಿ ಅಡ್ಡಮರಗಳ ಮೇಲಿಟ್ಟರೆ ಬಿಸಿಲಿಗೆ ಸೀಳುವುದಿಲ್ಲ, ಗೆದ್ದಲೂ ಹತ್ತುವುದಿಲ್ಲ.

ಮಾರಾಟ

ನಿಂತ ಮರವನ್ನು ಒಟ್ಟುಮಾತಿಗೆ ಕೊಡುವುದು ಎಲ್ಲಕ್ಕಿಂತ ಹೀನವಾದ ಪದ್ಧತಿ. ಅದಕ್ಕಿಂತಲೂ ಹೀನವಾದುದೊಂದಿದೆ: ಸಸಿ ನಾಟಿಯ ಕಾಲದಲ್ಲಿಯೋ ಮಗಳ ಮದುವೆಗೋ ಮುಂಗಡ ಪಡೆದು, ಮರವನ್ನು ಸಾಲಕ್ಕೆ ವಜಾ ಹಾಕಿಕೊಡುವುದು. ಮುಂಗಡ ಕೊಟ್ಟವನೆದುರು ಬೇರೊಬ್ಬ ಗಿರಾಕಿಯನ್ನು ಕರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಹಣದ ಅಡಚಣೆಯಿದ್ದರೆ ಸಹಕಾರ ಸಂಘದ ಬಡ್ಡಿಯೇ ಇದಕ್ಕಿಂತ ಅಗ್ಗ.

ಇಲ್ಲಿ ಗ್ರಾಮದ ಮುಖಂಡರಿಂದ ಆಗತಕ್ಕ ಉಪಕಾರ ದೊಡ್ಡದು. ಒಬ್ಬನ ಎರಡು ಮರಕ್ಕಾಗಿ ಹುಣಸೂರಿನಿಂದಲೋ ಮೈಸೂರಿನಿಂದಲೋ ನಾಲ್ಕು ಮಂದಿ ವ್ಯಾಪಾರಿಗಳು ಬರಲಾರರು. ಎಂಟು ಮನೆಯ ಹದಿನಾರು ಮರಗಳಿಗೆ ಬರುತ್ತಾರೆ. ಎಲ್ಲರೂ ಅನುಮತಿಯನ್ನು ಒಂದೇ ಕಾಲಕ್ಕೆ ಪಡೆದು, ಪ್ರತಿಯೊಂದು ದಿಮ್ಮಿಗೂ ನಂಬರು ಹಾಕಿ, ಜಾತಿ, ಉದ್ದ, ನಡುಸುತ್ತು, ಘನ ಅಡಿಗಳ ಪಟ್ಟಿಯನ್ನು ಬರೆದು, ಅದರ ಪ್ರತಿಯನ್ನು ವ್ಯಾಪಾರಿಗಳಿಗೂ ಮರ ಕೊಯ್ಯುವ ಕಾರ್ಖಾನೆಗಳಿಗೂ ಕೊಟ್ಟು, ಮುಚ್ಚಿದ ಲಕೋಟೆಗಳಲ್ಲಿ ದರ ಕೇಳಬೇಕು. ಲಕೋಟೆಗಳನ್ನು ಗೊತ್ತಾದ ದಿನ ಎಲ್ಲರೆದುರಿಗೆ ಒಡೆಯಬೇಕು. ತೇಗದ ದರ, ಹಲಸಿನ ದರ, ಜಾಲಿಯ ದರಗಳನ್ನು ಬೇರೆಬೇರೆಯಾಗಿ ಬರೆಯಿಸಬೇಕು. ಒಟ್ಟಿಗೆ ಕೇಳಿದರೆ ಒಳ್ಳೆಯ ಮರವು ಕೀಳು ಮರದ ಬೆಲೆಗೆ ಇಳಿಯುತ್ತದೆ. ಪಟ್ಟಿ ಹಿಡಿಯುವವನು ವ್ಯಾಪಾರಿಯ ನೆಂಟನಾಗಿರದಂತೆ ನೋಡಿಕೊಂಡರೆ ಇನ್ನೂ ವಾಸಿ.

ಕರಾರಿನಲ್ಲಿ ಅಳತೆಯ ಕ್ರಮ, ಪ್ರತಿ ಜಾತಿಯ ದರ, ಕಡಿಯುವ ಕೂಲಿ ಯಾರದು, ರೆಂಬೆಯ ಸೌದೆ ಯಾರಿಗೆ, ಪಕ್ಕದ ಬೆಳೆಗೋ ವಿದ್ಯುತ್ ತಂತಿಗೋ ಹಾನಿಯಾದರೆ ಹೊಣೆ ಯಾರದು, ಎಂದಿನೊಳಗೆ ಸಾಗಿಸಬೇಕು ಎಂಬಿಷ್ಟು ಸ್ಪಷ್ಟವಾಗಿರಬೇಕು. ದಿಮ್ಮಿಯ ಹಣ ಬ್ಯಾಂಕಿನ ಖಾತೆಗೆ ಬಂದ ಮೇಲೆಯೇ ಲಾರಿ ಹೊರಡಬೇಕು. ಲಾರಿಯಲ್ಲಿ ಹೇರಿದ ದಿಮ್ಮಿಗಳ ನಂಬರನ್ನು ರಹದಾರಿಯ ಪಟ್ಟಿಯೊಡನೆ ತಾಳೆನೋಡಿ, ಪ್ರತಿಯೊಂದನ್ನು ರೈತನು ತನ್ನಲ್ಲಿಟ್ಟುಕೊಳ್ಳತಕ್ಕದ್ದು.

ಕಡಿಯುವ ಅನುಮತಿಯೊಡನೆ ಬದಲಿ ಸಸಿ ನೆಡುವ ಷರತ್ತೂ ಬರುತ್ತದೆ. ಅದಕ್ಕೆ ಸಸಿಗಳು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮುಂಗಾರಿಗೆ ಮುಂಚೆ ಸಿಕ್ಕುತ್ತವೆ. ತೇಗವಾದರೆ ನೆಲಮಟ್ಟದಲ್ಲಿ ನಯವಾಗಿ ಕೊಯ್ದ ಬುಡದಿಂದಲೇ ಮಳೆ ಬಿದ್ದೊಡನೆ ಚಿಗುರುಗಳು ಏಳುತ್ತವೆ. ಅವುಗಳಲ್ಲಿ ಬಲವಾದ ಒಂದನ್ನುಳಿಸಿ ಮಿಕ್ಕವನ್ನು ಕಿತ್ತು, ಎರಡು ವರ್ಷ ದನಕರುಗಳು ಮೇಯದಂತೆ ಮುಳ್ಳು ಕಟ್ಟಬೇಕು.