ಒಂದು ಲಾಟಿನ ದರ, ಇಡೀ ಊರಿನ ಖರ್ಚು

ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವಹಿವಾಟು. ಟೆಂಡರ್ ದರ ಹೊರಬಿದ್ದ ಸ್ವಲ್ಪ ಹೊತ್ತಿಗೆ ಒಂದೇ ಒಂದು ಅಂಕಿ ಜಿಲ್ಲೆಯ ಮೊಬೈಲ್‌ಗಳನ್ನೆಲ್ಲ ಸುತ್ತಿ ಬರುತ್ತದೆ. ಅದು ಆ ದಿನದ ಗರಿಷ್ಠ ದರ. ಡಬ್ಬಿ ತಳಿಯ ಮೆಣಸಿನಕಾಯಿಯನ್ನು ಬೊಗಸೆಯಲ್ಲಿ ಹಿಡಿದ ಕೈ, ಹಿಂದೆ ಸಿನಿಮಾ ಸಂಗೀತ, ಕೆಳಗೆ ಕೆಂಪು ಅಕ್ಷರದಲ್ಲಿ ಕ್ವಿಂಟಲ್‌ಗೆ ಇಷ್ಟು ಸಾವಿರ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲೂ ಶೀರ್ಷಿಕೆಗೆ ಏರುವುದು ಅದೇ ಅಂಕಿ. ಕನಿಷ್ಠ ದರ ಎಲ್ಲೋ ಕೊನೆಯ ಸಾಲಿನಲ್ಲಿ ಇದ್ದರೆ ಇರುತ್ತದೆ.

ಆ ಅಂಕಿ ಸುಳ್ಳಲ್ಲ. ಸುಳ್ಳಾಗಿದ್ದರೆ ತಕರಾರು ತೆಗೆಯಬಹುದಿತ್ತು. ಅದು ಯಾರದೋ ನಾಲ್ಕೈದು ಚೀಲದ ಒಂದು ಲಾಟಿನ ನಿಜವಾದ ದರ. ಆದರೆ ನಮ್ಮ ಮನೆಗಳಲ್ಲಿ ವರ್ಷದ ಖರ್ಚಿನ ಲೆಕ್ಕ ಶುರುವಾಗುವುದು ಅದರ ಮೇಲೆ.

ಕಾಲೇಜು ಓದುವಾಗ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಖರೀದಿದಾರ ಚೀಲದ ಬಾಯಿ ಬಿಚ್ಚಿ ಮೇಲಿನ ಕಾಯಿ ನೋಡುತ್ತಿರಲಿಲ್ಲ. ತೋಳು ಒಳಗಿಳಿಸಿ ನಡುವಿನಿಂದ ಒಂದು ಹಿಡಿ ತೆಗೆಯುತ್ತಿದ್ದ. ಹಿಸುಕಿದರೆ ತೇವ ಗೊತ್ತಾಗುತ್ತದೆ, ಮುರಿದರೆ ಒಳಗಿನ ಬಣ್ಣ ಕಾಣುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಇದರಿಂದ ತೆಗೆದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ತಿನಿಸಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿದ್ದೂ ಇದೇ ಕಾಯಿಗೆ. ಬೆಲೆ ಬಣ್ಣದ ಮೇಲೆ ನಿಂತಿರುವುದರಿಂದ ಒಂದೇ ಹೊಲದ ಬೆಳೆಗೂ ಒಂದೇ ದರ ಸಿಗುವುದಿಲ್ಲ. ಮೊದಲ ಬಿಡಿತದ ಕಾಯಿಗೆ ಒಂದು, ಕೊನೆಯ ಬಿಡಿತಕ್ಕೆ ಇನ್ನೊಂದು, ಮಳೆಗೆ ಸಿಕ್ಕು ಬಿಳಿಚಿದ್ದಕ್ಕೆ ಮತ್ತೊಂದು.

ಲೆಕ್ಕಕ್ಕೆ ಹಿಡಿಯೋಣ. ಒಬ್ಬ ರೈತ ಹತ್ತು ಕ್ವಿಂಟಲ್ ತಂದಿದ್ದಾನೆ. ಅದರಲ್ಲಿ ಒಂದು ಕ್ವಿಂಟಲ್ 30,000ಕ್ಕೆ ಹೋಯಿತು, ಆರು ಕ್ವಿಂಟಲ್ 16,000ದಂತೆ, ಉಳಿದ ಮೂರು 9,000ದಂತೆ. ಒಟ್ಟು 1,53,000 ರೂಪಾಯಿ. ಊರಿನ ಕಟ್ಟೆಯ ಮೇಲೆ ಮಾತ್ರ ಅವನ ಮೆಣಸಿನಕಾಯಿ 30,000ಕ್ಕೆ ಹೋಗಿರುತ್ತದೆ. ಅಂದರೆ ಮೂರು ಲಕ್ಷ. ಹೆಚ್ಚುಕಡಿಮೆ ಒಂದೂವರೆ ಲಕ್ಷದ ಈ ಅಂತರ ಯಾರ ಕೈಗೂ ಬಂದದ್ದಲ್ಲ, ಆದರೂ ಖರ್ಚಾಗುತ್ತದೆ. ಅದಕ್ಕೆ ಸಾಲ ಎಂದು ಹೆಸರು.

ಅಂಗಡಿಯಲ್ಲಿ ಮಾರಾಟದ ಲೆಕ್ಕದ ಪಟ್ಟಿ ಕೈಗೆ ಕೊಟ್ಟಾಗ ಎಷ್ಟೋ ರೈತರು ಕೇಳುತ್ತಿದ್ದ ಪ್ರಶ್ನೆ ಒಂದೇ. "ಸಾವ್ಕಾರ್ರ, ಪೇಪರ್‌ನ್ಯಾಗ ಅಷ್ಟು ಬಂದೈತಿ, ನಮ್ದು ಯಾಕ ಇಷ್ಟ ಆತ್ರಿ?" ಸಾವ್ಕಾರರ ಉತ್ತರವೂ ಒಂದೇ. "ಯಪ್ಪಾ, ಅದು ಒಂದ ಲಾಟಿನ ದರ ಐತಿ." ಪ್ರಶ್ನೆಯಲ್ಲಿ ಅನುಮಾನ ಇರುತ್ತಿತ್ತು, ಉತ್ತರದಲ್ಲಿ ದಣಿವು. ಆಗ ಮೊಬೈಲ್ ಇರಲಿಲ್ಲ, ಪತ್ರಿಕೆ ಮತ್ತು ಧಾರವಾಡ ಆಕಾಶವಾಣಿ ಅಷ್ಟೇ. ಈಗ ಅದೇ ಅಂಕಿ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ಹತ್ತು ಸಲ ಕಂಡದ್ದನ್ನು ಮನಸ್ಸು ಹತ್ತು ಜನರ ದರ ಎಂದೇ ಎಣಿಸಿಕೊಳ್ಳುತ್ತದೆ.

ಇದು ಬ್ಯಾಡಗಿಯ ಮಾತಾಯಿತು. ರೊಕ್ಕ ಇಳಿಯುವುದು ರಾಣೇಬೆನ್ನೂರಿನಲ್ಲಿ. ಮೆಣಸಿನಕಾಯಿ ಹಂಗಾಮು, ಯುಗಾದಿ, ಮದುವೆ, ಅಕ್ಷಯ ತೃತೀಯ ಎಲ್ಲವೂ ಬೆನ್ನಿಗೆ ಬೆನ್ನು ಹಚ್ಚಿ ಬರುವ ಆ ಮೂರು ನಾಲ್ಕು ತಿಂಗಳು ಹಾವೇರಿಯಿಂದ ರಾಣೇಬೆನ್ನೂರಿನವರೆಗೆ ಹೆದ್ದಾರಿಯ ಇಬ್ಬದಿ ನೋಡಬೇಕು: ಟ್ರ್ಯಾಕ್ಟರ್, ಬಂಗಾರ, ಬೈಕ್, ರೇಷ್ಮೆ ಸೀರೆಯ ಜಾಹೀರಾತು ಫಲಕಗಳು. ಬಸ್ಸಿನ ಹಿಂಬದಿಗೆ, ಕೇಬಲ್ ಟಿವಿಯ ಪಟ್ಟಿಗೆ, ರೀಲ್ಸಿಗೆ ಅವೇ ಮುಖಗಳು. ಅಂಗಡಿಯವರನ್ನು ದೂರಿ ಉಪಯೋಗವಿಲ್ಲ. ನಮ್ಮ ಕೈಗೆ ಯಾವಾಗ ದುಡ್ಡು ಬರುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ತಿಳಿದವರು ಅವರು.

ಅಕ್ಷಯ ತೃತೀಯಕ್ಕೆ ಬಂಗಾರ ತರಲೇಬೇಕೆಂಬ ಮಾತು ನಮ್ಮ ಓಣಿಗೆ ಬಂದದ್ದು ಟಿವಿಯ ಜೊತೆಗೆ. ನಮ್ಮ ಅವ್ವನ ಕಾಲದಲ್ಲಿ ಬಂಗಾರ ಎಂದರೆ ಮದುವೆಗೆ, ಇಲ್ಲವೇ ಸುಗ್ಗಿ ಮುಗಿದು ಸಾಲ ತೀರಿಸಿ ಉಳಿದ ದುಡ್ಡಿಗೆ. ಅಕ್ಕನ ಮಗಳ ಮದುವೆಗೆ ಸರ ತರುವಾಗ ಎರಡು ಕಡೆ ಲೆಕ್ಕ ಬರೆಸಿಕೊಂಡೆ. ಮಜೂರಿಯಲ್ಲಿ ಅರ್ಧದಷ್ಟು ರಿಯಾಯಿತಿ ಎಂದು ಟಿವಿಯಲ್ಲಿ ಕೂಗುತ್ತಿದ್ದ ಅಂಗಡಿಯಲ್ಲಿ ಮಜೂರಿ ನೂರಕ್ಕೆ 18, ಅದರ ಅರ್ಧ 9. ನಮ್ಮ ಮನೆತನದ ಪತ್ತಾರರು ಯಾವ ರಿಯಾಯಿತಿಯೂ ಇಲ್ಲದೆ ಹೇಳಿದ್ದು ನೂರಕ್ಕೆ 8. ಎರಡೂ ಕಡೆ ಹಾಲ್‌ಮಾರ್ಕ್ ಇತ್ತು, ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆಯೂ ಇತ್ತು. 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ. ಸರ ಪತ್ತಾರರಲ್ಲೇ ತಂದೆವು. ಅಕ್ಕ ಮಾತ್ರ ಒಂದು ವಾರ ಗೊಣಗಿದಳು: "ಅಲ್ಲಿ ಅರ್ಧ ಬಿಟ್ಟಿದ್ರಲ್ಲೋ." ಒಂಬತ್ತಕ್ಕಿಂತ ಎಂಟು ಕಡಿಮೆ ಎಂಬುದು ಅವಳಿಗೆ ಗೊತ್ತು. ಆದರೂ ಬಿಟ್ಟುಕೊಟ್ಟ ಒಂಬತ್ತೇ ಕಣ್ಣಿಗೆ ದೊಡ್ಡದು.

ದಾರಿ ತಪ್ಪಿಸುವ ಜಾಹೀರಾತಿಗೆ ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಅದೇ ಮಾಡಿದರೆ 50 ಲಕ್ಷದವರೆಗೆ. ವಸ್ತುವನ್ನು ಹೊಗಳಿದ ನಟನೂ ಹೊಣೆಯಾಗಬಹುದು. ದೂರಲು 1915 ಎಂಬ ಸಹಾಯವಾಣಿಯೂ ಇದೆ. ಆದರೆ 18ರ ಅರ್ಧ 9 ಎಂದವನ ಮೇಲೆ ಏನೆಂದು ದೂರುವುದು?

ಕೊಳ್ಳುವುದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಬಿತ್ತುವಾಗ. ಹೋದ ವರ್ಷದ ಶೀರ್ಷಿಕೆ ನೋಡಿ ಈ ವರ್ಷ ಎಲ್ಲರೂ ಮೆಣಸಿನಕಾಯಿ ಹಚ್ಚುತ್ತಾರೆ. ಬಳ್ಳಾರಿ, ರಾಯಚೂರು ಕಡೆಯವರೂ ಹಚ್ಚುತ್ತಾರೆ, ಆಂಧ್ರದವರೂ ಹಚ್ಚುತ್ತಾರೆ, ಎಲ್ಲರ ಚೀಲವೂ ಬರುವುದು ಬ್ಯಾಡಗಿಗೆ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅದಕ್ಕೆಲ್ಲ ರೀಲ್ಸೇ ಕಾರಣ ಎನ್ನುವಷ್ಟು ಹಗುರವಾದ ಸಂಗತಿ ಅದಲ್ಲ. ಆವಕ, ಖರ್ಚು, ಸಾಲ ಎಲ್ಲ ಸೇರಿದ ಸಿಟ್ಟು. ಆದರೆ ಹೋದ ವರ್ಷದ ಅಂಕಿ ತಲೆಯಲ್ಲಿ ಕೂತಿದ್ದವನಿಗೆ ಆ ದಿನದ ಅಂಕಿ ಕಸಿದುಕೊಂಡಂತೆಯೇ ಕಂಡಿರುತ್ತದೆ.

ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯುವವರ ಲೆಕ್ಕವೂ ಇದೇ ಜಾತಿಯದು. ಕ್ವಿಂಟಲ್‌ಗೆ 15,300 ಸಿಗುವ ಕಾಯಿಯನ್ನು ಆರು ತಿಂಗಳು ಇಟ್ಟರೆ, ಅಷ್ಟೇ ಸಾಲ ತಲೆಯ ಮೇಲಿದ್ದು ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ ಎಂದರೂ 1,836 ರೂಪಾಯಿ ಆಯಿತು. ಮೇಲೆ ಚೀಲದ ಬಾಡಿಗೆ, ಹಮಾಲಿ, ಲಾರಿ ಖರ್ಚು. ದರ ಎರಡು ಸಾವಿರ ಏರಿತೆಂದು ವಿಡಿಯೊ ಬಂದ ದಿನ ಕಾದವನು ಗೆದ್ದಂತೆ ಕಾಣುತ್ತಾನೆ, ಅಷ್ಟೇ.

ಸುದ್ದಿಯೇ ಬೇಡ ಎನ್ನುತ್ತಿಲ್ಲ. ಹಿಂದೆ ದಲಾಲರು ಹೇಳಿದ್ದೇ ದರವಾಗಿತ್ತು; ಈಗ ಟೆಂಡರ್ ದರ ಎಲ್ಲರೂ ನೋಡಬಹುದು. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಕನಿಷ್ಠ, ಗರಿಷ್ಠ ದರಗಳ ಪಕ್ಕದಲ್ಲೇ ಮಾದರಿ ದರ ಎಂಬ ಇನ್ನೊಂದು ಅಂಕಣವಿದೆ. ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು ಎಂಬುದು ಅಲ್ಲಿ ಗೊತ್ತಾಗುತ್ತದೆ. ನೋಡಬೇಕಾದದ್ದು ಅದನ್ನು. ಅದಕ್ಕೆ ಯಾರೂ ಸಂಗೀತ ಹಾಕುವುದಿಲ್ಲ.

ನಮ್ಮ ಮನೆಯಲ್ಲಿ ಮೂರು ವರ್ಷದ ಪಟ್ಟಿಗಳನ್ನು ಒಂದು ಫೈಲಿನಲ್ಲಿ ಇಟ್ಟಿದ್ದೇವೆ. ಯಾವುದೇ ಕಂತಿಗೆ ಸಹಿ ಹಾಕುವ ಮುಂಚೆ ಆ ಮೂರರಲ್ಲಿ ಕಡಿಮೆ ದುಡ್ಡು ಬಂದ ವರ್ಷವನ್ನು ಮುಂದಿಟ್ಟುಕೊಳ್ಳುತ್ತೇವೆ. ಆ ವರ್ಷವೂ ಕಂತು ಕಟ್ಟಲಾಗುತ್ತಿತ್ತೇ? ತಮ್ಮನಿಗೆ ಟ್ರ್ಯಾಕ್ಟರ್ ಬೇಕು. ಆರು ತಿಂಗಳಿಗೊಮ್ಮೆ ಕಂತು, ನಾಲ್ಕು ಎಕರೆ ಹೊಲ. ಬಾಡಿಗೆ ಟ್ರ್ಯಾಕ್ಟರ್‌ಗೆ ನಾವು ವರ್ಷಕ್ಕೆ ಕೊಡುವುದು ಒಂದು ಕಂತಿನ ಅರ್ಧವೂ ಆಗುವುದಿಲ್ಲ. ಇದನ್ನು ಬರೆದು ತೋರಿಸಿದೆ. ಅವನು ಜಾಹೀರಾತಿನ ಮಾತು ಆಡಲಿಲ್ಲ. "ಅಣ್ಣಾ, ಹದ ಬಿದ್ದ ದಿನ ಬಾಡಿಗಿ ಗಾಡಿ ಸಿಗೂದಿಲ್ಲ. ಎರಡು ದಿನ ತಡ ಆದ್ರ ಬೀಜ ಏಳೂದಿಲ್ಲ. ಅದಕ್ಕೇನ ದರ ಹಚ್ಚತಿ?" ಎಂದ. ಇದು ಮಾತ್ರ ನಮ್ಮ ಹೊಲದಿಂದಲೇ ಬಂದ ಪ್ರಶ್ನೆ. ಪಾಲಿನಲ್ಲಿ ಪಕ್ಕದ ಹೊಲದವರ ಜೊತೆ ಕೊಂಡರೆ ಹೇಗೆ ಎಂದು ಈಗ ಲೆಕ್ಕ ಹಾಕುತ್ತಿದ್ದೇವೆ; ಹದ ಬಿದ್ದ ದಿನ ಮೊದಲು ಯಾರ ಹೊಲ ಎಂಬಲ್ಲಿ ಮಾತು ನಿಂತಿದೆ.