ರಜೆಗೆ ಬಂದ ಮಿಷನರಿ ನಮ್ಮ ಸಭೆಗೆ ಬಂದಾಗ

(ಯೌವನಸ್ಥರ ಕೂಟ, ಮುಗದ: ಸಂದೇಶದ ಬರಹರೂಪ)
ವಾಕ್ಯಭಾಗ: 3 ಯೋಹಾನ 5–8, ಫಿಲಿಪ್ಪಿ 4:15–18

ಇವತ್ತು ನಾನು ಮಾತಾಡೋದು ರೊಕ್ಕದ ವಿಷಯ. ಯಾರೂ ಗಾಬರಿಯಾಗಬ್ಯಾಡ್ರಿ, ಈಗ ಕಾಣಿಕೆ ಎತ್ತೋದಿಲ್ಲ.

ದೂರದ ರಾಜ್ಯದಲ್ಲಿ ಸೇವೆ ಮಾಡುವ ಮಿಷನರಿ ಕುಟುಂಬ ಕೆಲವು ವರ್ಷಕ್ಕೊಮ್ಮೆ ಊರಿಗೆ ಬರುತ್ತದೆ. ಅದಕ್ಕೆ ನಾವು ರಜೆ ಅಂತೀವಿ. ಆದರೆ ಆ ರಜೆಯಲ್ಲಿ ಏನಾಗ್ತದ? ವಾರಕ್ಕೊಂದು ಸಭೆ, ರಾತ್ರಿ ಬಸ್ಸು, ಮಡಿಲಲ್ಲಿ ಮಲಗಿದ ಮಕ್ಕಳು. ಸಾಕ್ಷಿ ಹೇಳಿ, ಕೊನೆಗೆ "ನಮಗೋಸ್ಕರ ಪ್ರಾರ್ಥಿಸಿರಿ" ಅಂತಾರೆ. ಬೆಂಬಲ ಬೇಕು ಅನ್ನೋ ಮಾತು ಗಂಟಲಲ್ಲೇ ಉಳೀತದ. ನಮ್ಮಲ್ಲೂ ಕೆಲವರು ಕೇಳ್ತಾರೆ: "ವಿಶ್ವಾಸದ ಸೇವೆ ಅಂದಮೇಲೆ ಮನುಷ್ಯರನ್ನ ಯಾಕೆ ಕೇಳಬೇಕು?"

ವಾಕ್ಯ ಏನು ಹೇಳ್ತದ ನೋಡೋಣ.

1. ಕೇಳೋದು ಅವಿಶ್ವಾಸ ಅಲ್ಲ

1 ಅರಸುಗಳು 17ರಲ್ಲಿ, ಎಲೀಯನನ್ನು ಪೋಷಿಸಲು ಚಾರೆಪ್ತದ ವಿಧವೆಗೆ ದೇವರೇ ಅಪ್ಪಣೆ ಕೊಟ್ಟಿದ್ದನು. ಆದರೂ ನೀರು, ರೊಟ್ಟಿ ಬೇಕು ಅಂತ ಎಲೀಯನೇ ಬಾಯಿಬಿಟ್ಟು ಕೇಳಿದ. ಪೌಲನು ಕೊರಿಂಥದಲ್ಲಿ ತನ್ನ ಹಕ್ಕನ್ನು ಬಿಟ್ಟುಕೊಟ್ಟ (1 ಕೊರಿಂಥ 9). ಅದೇ ಪೌಲನು ಸ್ಪೇನಿನ ಪ್ರಯಾಣಕ್ಕೆ ರೋಮಿನವರ ಸಹಾಯ ನಿರೀಕ್ಷಿಸಿದ (ರೋಮಾ 15:24). ಎರಡೂ ವಿಶ್ವಾಸವೇ.

ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್ ತನ್ನ ಅಗತ್ಯವನ್ನು ದೇವರಿಗೆ ಮಾತ್ರ ಹೇಳಿದರು, ನಿಜ. ಆದರೆ ಅದೇ ಮುಲ್ಲರ್ ಚೀನಾದ ಮಿಷನರಿಗಳಿಗೆ ಹಣ ಕಳಿಸುತ್ತಿದ್ದರು. ಕೇಳದೆ ಇರೋದು ಅವರಿಗೆ ಸಿಕ್ಕ ಕರೆ. ಕೊಡದೆ ಇರೋದಕ್ಕೆ ಅದನ್ನ ನಾವು ನೆಪ ಮಾಡ್ಕೋಬಾರದು.

2. ಕೊಡುವವರು ಸೇವೆಯಲ್ಲಿ ಪಾಲುಗಾರರು

ಗಾಯನಿಗೆ ಬರೆದ ಪತ್ರದಲ್ಲಿ ಯೋಹಾನನು, ಸೇವಕರನ್ನು ಸಾಗಕಳುಹಿಸುವವರನ್ನೂ ಸತ್ಯಕ್ಕೆ ಸಹಕಾರಿಗಳು ಎಂದು ಎಣಿಸುತ್ತಾನೆ. ಅವರನ್ನು ಬಿಕ್ಷುಕರಂತಲ್ಲ, ದೇವರಿಗೆ ತಕ್ಕ ರೀತಿಯಲ್ಲಿ ಕಳಿಸಬೇಕು.

ನಮ್ಮ ಸೀಮೆಯನ್ನೇ ನೋಡ್ರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಅವರ ಹಿಂದೆ ಬರೀ ಶ್ರೀಮಂತರು ಇರಲಿಲ್ಲ. 1855ರಲ್ಲಿ ಬಾಸೆಲ್‌ನಲ್ಲಿ ವಾರಕ್ಕೆ ಅರ್ಧ ಬಾಟ್ಸೆನ್ ಕೊಡುವ ಪದ್ಧತಿ ಶುರುವಾಯಿತು. ಬಾಟ್ಸೆನ್ ಅಂದರೆ ಸ್ವಿಟ್ಜರ್ಲೆಂಡಿನ ಹಳೇ ಚಿಲ್ಲರೆ ನಾಣ್ಯ. 1853ರಲ್ಲಿ ಬಂದು, 1894ರಲ್ಲಿ ನಿಘಂಟು ಹೊರತಂದ ಕಿಟೆಲ್ ಹೆಸರು ನಮಗೆಲ್ಲ ಗೊತ್ತು. ವಾರವಾರ ಚಿಲ್ಲರೆ ಕೊಟ್ಟವರ ಹೆಸರು ಗೊತ್ತಿಲ್ಲ. ಕರ್ತನಿಗೆ ಗೊತ್ತು. ಆಮೆನ್ ಹೇಳ್ರಿ!

ಮಿಜೋರಾಮಿನ ತಾಯಂದಿರು 1910ರ ಸುಮಾರಿಗೆ, ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಕರ್ತನಿಗೆ ಎತ್ತಿಡಲು ತೊಡಗಿದರು. ಆ ಅಕ್ಕಿ ಮಾರಿ ಬಂದ ಹಣ ಇವತ್ತಿಗೂ ಸೇವೆಗೆ ಹೋಗುತ್ತದೆ. ಭತ್ತ ಬೆಳೆಯುವ ಈ ಮುಗದದಲ್ಲಿ ನಿಂತು ಹೇಳ್ತೀನಿ, ಹಿಡಿ ಅಕ್ಕಿಯನ್ನ ಸಣ್ಣದು ಅನ್ನಬ್ಯಾಡ್ರಿ.

3. ಲೆಕ್ಕ ಎರಡೂ ಕಡೆ ಇರಲಿ

ಪೌಲ, ಬಾರ್ನಬರು ಅಂತಿಯೋಕ್ಯಕ್ಕೆ ಮರಳಿ ಸಭೆಯನ್ನು ಕೂಡಿಸಿ ದೇವರು ಮಾಡಿದ್ದೆಲ್ಲವನ್ನೂ ವಿವರಿಸಿದರು (ಅ.ಕೃ. 14:27). ಕಾಣಿಕೆಯ ವಿಷಯದಲ್ಲಿ ಯಾರೂ ತಪ್ಪು ಹಿಡಿಯದ ಹಾಗೆ ಪೌಲನು ಎಚ್ಚರ ವಹಿಸಿದ (2 ಕೊರಿಂಥ 8:20–21). ಆದ್ದರಿಂದ ಮಿಷನರಿ ಲೆಕ್ಕ ಕೊಡಲಿ. ಆದರೆ ನಾವೂ ನಮ್ಮನ್ನ ಕೇಳ್ಕೋಬೇಕು: ಮಾತು ಕೊಟ್ಟು ಮೂರನೇ ತಿಂಗಳಿಗೆ ನಿಲ್ಲಿಸಿದೆವಾ? ಆ ತಿಂಗಳು ಅವರ ಮನೆ ಬಾಡಿಗೆ ನಿಲ್ಲೋದಿಲ್ಲ.

ಮುಗದ ಕುಂಬಾರಿಕೆಗೆ ಹೆಸರಾದ ಊರು. ನಿಕ್ಷೇಪ ನಮ್ಮೊಳಗೆ ಮಣ್ಣಿನ ಪಾತ್ರೆಗಳಲ್ಲಿದೆ ಎಂಬ ಪೌಲನ ಮಾತು ಇಲ್ಲಿ ಬೇಗ ಅರ್ಥ ಆಗ್ತದ. ಮಿಷನರಿಯೂ ಮಣ್ಣಿನ ಪಾತ್ರೆ. ಅವರಿಗೂ ಜ್ವರ ಬರ್ತದ, ಮಕ್ಕಳ ಫೀಸ್ ಕಟ್ಟೋದು ಇರ್ತದ, ವಯಸ್ಸಾದ ತಾಯಿ ಇರ್ತಾರೆ.

ಹಾಗಾದರೆ ಏನು ಮಾಡೋಣ?

ಹತ್ತು ಜನ ಸೇರಿ, ತಲಾ 500 ರೂಪಾಯಿ, ಪ್ರತಿ ತಿಂಗಳು. 5000 ಆಯ್ತು. ಓಟಿಟಿಗೆ ಆಟೋಪೇ ಇಟ್ಟ ಫೋನಿನಲ್ಲೇ ಇದನ್ನೂ ಇಡಬಹುದು. ಕೆಲಸ ಸಿಗದವರು ಸಾಲ ಮಾಡಿ ಕೊಡಬ್ಯಾಡ್ರಿ, ಹೆಸರು ಹಿಡಿದು ಪ್ರಾರ್ಥಿಸ್ರಿ, ತಿಂಗಳಿಗೊಮ್ಮೆ ಫೋನ್ ಮಾಡ್ರಿ. ಅವರು ರಜೆಗೆ ಬಂದಾಗ "ಯಾವ ಭಾನುವಾರ ಪ್ರಸಂಗ ಮಾಡ್ತೀರಿ?" ಅನ್ನೋ ಮೊದಲು "ಅಣ್ಣಾ, ಅಕ್ಕಾ, ನಿದ್ದೆ ಆಯ್ತಾ?" ಅಂತ ಕೇಳ್ರಿ. ದಣಿದ ಶಿಷ್ಯರಿಗೆ ಯೇಸುವೇ ವಿಶ್ರಾಂತಿ ತಗೊಳ್ಳಿರಿ ಅಂದನಲ್ಲ (ಮಾರ್ಕ 6:31).

ಅವರು ಕೇಳುವ ಮೊದಲೇ ನಾವು ಕೇಳೋಣ: "ತಿಂಗಳಿಗೆ ಎಷ್ಟು ಕಡಿಮೆ ಬೀಳ್ತದ?"

ಪ್ರಾರ್ಥಿಸೋಣ. ಕರ್ತನೇ, ಹೋದವರನ್ನು ಕಾಪಾಡು, ಕಳಿಸಿದ ನಮ್ಮನ್ನು ನಂಬಿಗಸ್ತರನ್ನಾಗಿ ಮಾಡು. ಯೇಸುವಿನ ನಾಮದಲ್ಲಿ, ಆಮೆನ್.